ಔಷಧಕ್ಕೆ ಬಗ್ಗದ ಗಾಯಕ್ಕೆ ಬೆಳಕಿನ ಚಿಕಿತ್ಸೆ ಸಿಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ತಿಂಗಳುಗಳಾದರೂ ಮಾಯುತ್ತಿಲ್ಲ. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ಹೇಳುವ ಕಲ್ಚರ್ ರಿಪೋರ್ಟ್ ತುಂಬ ‘ರೆಸಿಸ್ಟೆಂಟ್’ (ಬಗ್ಗದು) ಎಂದೇ ಇದೆ. ಬೆಳಕು ಬಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ನ್ಯಾನೋಕಣಗಳಿವೆಯಂತೆ, ಬೆಂಗಳೂರಿನಲ್ಲಿ ಸಿಗುತ್ತವೆಯೇ?
– ಓದುಗರು, ರಾಜಾಜಿನಗರ

ಆಸ್ಪತ್ರೆಗೆ ಹೋಗಿ ಕೇಳಿ ಪಡೆಯುವ ಹಂತಕ್ಕೆ ಅದಿನ್ನೂ ಬಂದಿಲ್ಲ. ಬಹುಪಾಲು ಪ್ರಯೋಗಗಳು ನಡೆದಿರುವುದು ಲ್ಯಾಬಿನಲ್ಲಿ, ಇಲಿಗಳ ಮೇಲೆ. ಆದರೆ ವಿಚಾರ ಪೊಳ್ಳಲ್ಲ, ಹೊಸದೂ ಅಲ್ಲ. 1900ರ ಸುಮಾರಿಗೇ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಅಕ್ರಿಡಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಬೇಗ ಸಾಯುತ್ತವೆಂದು ಕಂಡುಕೊಂಡಿದ್ದ.

ನೀವು ಕೇಳಿದ ನ್ಯಾನೋಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳು, ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಚಿನ್ನದ ನ್ಯಾನೋಕಡ್ಡಿಗಳು ಅವಕೆಂಪು ಬೆಳಕನ್ನು ಹೀರಿ ಬಿಸಿಯಾಗಿ, ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಸುಡುತ್ತವೆ. ಬಿಸಿ ಹೆಚ್ಚಾದರೆ ನಮ್ಮ ಚರ್ಮಕ್ಕೂ ಅದೇ ಗತಿ. ಎರಡನೆಯದು ನನಗೆ ಹೆಚ್ಚು ಕುತೂಹಲದ್ದು. ಮಿಥಿಲೀನ್ ಬ್ಲೂನಂಥ ಬಣ್ಣವನ್ನು ಹೊತ್ತ ಕಣ, ಹೀರಿದ ಬೆಳಕಿನ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕದ ಆಯಸ್ಸು ನೀರಿನಲ್ಲಿ ಕೆಲವೇ ಮೈಕ್ರೋಸೆಕೆಂಡು. ಅಷ್ಟರಲ್ಲೇ ಅದು ಕೈಗೆ ಸಿಕ್ಕಿದ ಪೊರೆ, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಕೆಡಿಸುತ್ತದೆ. ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಗುರಿಗೆ ಹೊಡೆಯುತ್ತದೆ, ಆ ಗುರಿಯನ್ನು ಬದಲಿಸಿಕೊಂಡ ಬ್ಯಾಕ್ಟೀರಿಯಾ ಬಚಾವ್. ಇಲ್ಲಿ ಏಕಕಾಲಕ್ಕೆ ಹತ್ತಾರು ಕಡೆ ಪೆಟ್ಟು ಬೀಳುವುದರಿಂದ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎಯಂಥ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಹೆಚ್ಚು ದೂರ ಹೋಗಲಾರದ ಆಮ್ಲಜನಕವಾದ್ದರಿಂದ ಕಣ ಬ್ಯಾಕ್ಟೀರಿಯಾಕ್ಕೆ ಅಂಟಿರಲೇಬೇಕು. ಅದಕ್ಕೇ ಕಣಗಳಿಗೆ ಧನ ವಿದ್ಯುದಾವೇಶ ಕೊಡುತ್ತಾರೆ, ಬ್ಯಾಕ್ಟೀರಿಯಾದ ಮೇಲ್ಮೈ ಋಣ.

ತೊಡಕಿರುವುದು ಗಾಯದ ಆಳದಲ್ಲಿ. ಕೆಂಪು ಬೆಳಕು ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿದರೆ ಹೆಚ್ಚು. ರಕ್ತ, ಕೀವು ಅದನ್ನು ಇನ್ನಷ್ಟು ತಡೆಯುತ್ತವೆ. ಮಧುಮೇಹಿಗಳ ಪಾದದಲ್ಲಿ ಸೋಂಕು ಮೂಳೆಗೂ ಇಳಿದಿರಬಹುದು, ಅಲ್ಲಿಗೆ ಬೆಳಕು ತಲುಪುವುದಿಲ್ಲ. ರಕ್ತಸಂಚಾರ ಸೊರಗಿದ ಕಡೆ ಆಮ್ಲಜನಕವೇ ಕಡಿಮೆ.

(ಆನ್‌ಲೈನಿನಲ್ಲಿ ಸಿಗುವ ಕೆಂಪು ದೀಪ ಕೊಳ್ಳಬೇಡಿ. ಬಣ್ಣವೂ ಇಲ್ಲದೆ ಕಣವೂ ಇಲ್ಲದೆ ಅದು ಬರೀ ದೀಪ. ಪಾದವನ್ನು ಬಿಸಿಲಿಗೆ ಒಡ್ಡುವುದೂ ಬೇಡ, ಸ್ಪರ್ಶಜ್ಞಾನ ಕಳೆದುಕೊಂಡ ಕಾಲು ಸುಟ್ಟರೂ ತಿಳಿಯದು.)

ಸದ್ಯಕ್ಕೆ ಸತ್ತ ಚರ್ಮ ತೆಗೆಸುವುದು, ಪಾದದ ಮೇಲೆ ಭಾರ ಬೀಳದಂತೆ ವಿಶೇಷ ಚಪ್ಪಲಿ ಹಾಕಿಸುವುದು, ಸಕ್ಕರೆ ಹಿಡಿತದಲ್ಲಿಡುವುದು, ಕಾಲಿನ ರಕ್ತನಾಳ ಪರೀಕ್ಷೆ ಮಾಡಿಸುವುದು ಮುಖ್ಯ. ರಿಪೋರ್ಟ್‌ನಲ್ಲಿ ‘ಸೆನ್ಸಿಟಿವ್’ (ಬ್ಯಾಕ್ಟೀರಿಯಾ ಬಗ್ಗುತ್ತದೆ) ಎಂದಿರುವ ಔಷಧ ಒಂದಾದರೂ ಉಳಿದಿದೆಯೇ ಎಂದು ವೈದ್ಯರನ್ನು ಕೇಳಿ. ಜ್ವರ ಬಂದರೆ, ಬೆರಳು ಕಪ್ಪಾದರೆ ಅಥವಾ ಕೆಂಪು ಮೇಲಕ್ಕೆ ಹಬ್ಬಿದರೆ ಮರುದಿನದ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.