ಜಾಲಚಿತ್ರದಲ್ಲಿ ದೊಡ್ಡ ಚುಕ್ಕೆಯಾದವರೇ ದೊಡ್ಡ ಪ್ರಭಾವಿಗಳೇ?

ಪ್ರಶ್ನೆ: ಹಳೆಯ ಕಾಲದ ಕಲಾವಿದರು, ವಿದ್ವಾಂಸರು ಬರೆದ ಪತ್ರಗಳ ವಿವರವನ್ನು ಕಂಪ್ಯೂಟರಿಗೆ ಊಡಿಸಿ ಅವರ ಒಡನಾಟದ ಜಾಲವನ್ನು ಬಿಡಿಸುತ್ತಾರೆ. ಆ ಚಿತ್ರದಲ್ಲಿ ಯಾರ ಚುಕ್ಕೆ ದೊಡ್ಡದೋ ಅವರೇ ಆ ಕಾಲದ ಪ್ರಭಾವಿಗಳು ಎಂದುಕೊಳ್ಳಬಹುದೇ?

ಉತ್ತರ: ಹಾಗೆ ಅಂದುಕೊಳ್ಳಲು ಬರುವುದಿಲ್ಲ. ಇಂಥ ಅಧ್ಯಯನದ ದತ್ತಾಂಶವೆಂದರೆ ಹೆಚ್ಚಿನ ಸಲ ಒಂದು ಸರಳ ಪಟ್ಟಿ: ಯಾರು, ಯಾರಿಗೆ, ಎಲ್ಲಿಂದ, ಯಾವ ದಿನ ಬರೆದರು. ಪ್ರತಿ ಹೆಸರು ಒಂದು ಚುಕ್ಕೆಯಾಗುತ್ತದೆ, ಪತ್ರ ಗೆರೆಯಾಗುತ್ತದೆ, ಗೆರೆಗಳು ಕೂಡಿದಷ್ಟೂ ಚುಕ್ಕೆ ಉಬ್ಬುತ್ತದೆ. ಆದರೆ ಆ ಪಟ್ಟಿಯಲ್ಲಿ ಇರುವುದು ಬರೆದ ಪತ್ರಗಳೆಲ್ಲ ಅಲ್ಲ, ಯಾರೋ ಜೋಪಾನ ಮಾಡಿದ್ದರಿಂದ ಉಳಿದುಬಂದವು ಮಾತ್ರ.

ಹತ್ತೊಂಬತ್ತನೇ ಶತಮಾನದ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನನ್ನೇ ನೋಡಿ. 2009ರಲ್ಲಿ ಅಂತರ್ಜಾಲಕ್ಕೆ ಬಂದ ಅವನ ಪತ್ರಸಂಗ್ರಹದಲ್ಲಿ 902 ಪತ್ರಗಳಿವೆ. ಅವುಗಳಲ್ಲಿ 819 ಅವನು ಬರೆದವು, ಅವನಿಗೆ ಬಂದವು ಬರೀ 83. ಇದನ್ನು ಹಾಗೆಯೇ ಚಿತ್ರವಾಗಿಸಿದರೆ, ಒಬ್ಬ ಮನುಷ್ಯ ಉತ್ತರವೇ ಬಾರದ ಲೋಕಕ್ಕೆ ಎಡೆಬಿಡದೆ ಬರೆಯುತ್ತಿದ್ದನೆಂಬ ಭಾವನೆ ಬರುತ್ತದೆ. ನಿಜಸಂಗತಿ ಬೇರೆ: ತಮ್ಮ ಥಿಯೊ ಅಣ್ಣನ ಕಾಗದಗಳನ್ನು ಎತ್ತಿಟ್ಟ, ಅಣ್ಣ ತನಗೆ ಬಂದ ಕಾಗದಗಳ ಬಗ್ಗೆ ಅಷ್ಟು ಕಾಳಜಿ ವಹಿಸಲಿಲ್ಲ.

ಇದಕ್ಕಿಂತ ಕುತೂಹಲದ ಸಂಗತಿ ದಿನಾಂಕದ ಅಂಕಣದಲ್ಲಿದೆ. 1886ರ ಫೆಬ್ರವರಿಯ ಕೊನೆಯಿಂದ 1888ರ ಫೆಬ್ರವರಿಯವರೆಗೆ ಪತ್ರಗಳು ಬೆರಳೆಣಿಕೆಯಷ್ಟೇ. ಜಾಲ ಅಲ್ಲಿ ಬತ್ತಿಹೋದಂತೆ ಕಾಣುತ್ತದೆ. ಆ ಎರಡು ವರ್ಷ ವ್ಯಾನ್ ಗೋ ಪ್ಯಾರಿಸ್‌ನಲ್ಲಿ ಥಿಯೊನ ಮನೆಯಲ್ಲಿಯೇ ಇದ್ದ. ಬರ್ನಾರ್, ತುಲೂಸ್-ಲೊತ್ರೆಕ್, ಸಿನ್ಯಾಕ್, ಪಿಸ್ಸಾರೊ, ಗೊಗ್ಯಾನ್ ಮೊದಲಾದ ಚಿತ್ರಕಾರರೆಲ್ಲರ ಪರಿಚಯವಾದದ್ದು ಅಲ್ಲಿಯೇ. ಒಂದೇ ಮನೆಯಲ್ಲಿರುವವರಿಗೆ, ಸಂಜೆ ಕಾಫಿ ಅಂಗಡಿಯಲ್ಲಿ ಸಿಗುವವರಿಗೆ ಯಾರು ತಾನೇ ಕಾಗದ ಬರೆಯುತ್ತಾರೆ? ಅವನ ಒಡನಾಟ ಅತ್ಯಂತ ದಟ್ಟವಾಗಿದ್ದ ಕಾಲವೇ ದತ್ತಾಂಶದಲ್ಲಿ ಖಾಲಿ ಜಾಗವಾಗಿ ಉಳಿದಿದೆ. ಪತ್ರ ಅಳೆಯುವುದು ಎಷ್ಟೋ ವೇಳೆ ಆಪ್ತತೆಯನ್ನಲ್ಲ, ದೂರವನ್ನು.

ಹಾಗೆಂದು ಈ ವಿಧಾನ ನಿಷ್ಪ್ರಯೋಜಕವೇನಲ್ಲ. ಗೆರೆಗಳನ್ನು ಎಣಿಸುವುದರ ಬದಲು, ಒಬ್ಬರಿಂದ ಇನ್ನೊಬ್ಬರನ್ನು ಮುಟ್ಟುವ ಅತಿ ಹತ್ತಿರದ ದಾರಿಗಳು ಯಾರ ಮೂಲಕ ಹಾದುಹೋಗುತ್ತವೆ ಎಂದು ಲೆಕ್ಕ ಹಾಕುವುದುಂಟು. ರುತ್ ಆನರ್ಟ್ ಮತ್ತು ಸೆಬಾಸ್ಟಿಯನ್ ಆನರ್ಟ್ ಎಂಬ ಸಂಶೋಧಕರು ಇಂಗ್ಲೆಂಡಿನ ರಾಣಿ ಒಂದನೇ ಮೇರಿಯ ಕಾಲದ, ಅಂದರೆ 1553ರಿಂದ 1558ರವರೆಗಿನ, ಪ್ರಾಟೆಸ್ಟಂಟರ (ಕ್ಯಾಥೊಲಿಕ್ ರಾಣಿಯ ಮತವನ್ನು ಒಪ್ಪದೆ ಶಿಕ್ಷೆಗೆ ಗುರಿಯಾದ ಕ್ರೈಸ್ತರ) 289 ಪತ್ರಗಳನ್ನು ಹೀಗೆ ಪರಿಶೀಲಿಸಿದರು. ಪತ್ರದೊಳಗೆ ಬರುವ ಹೆಸರುಗಳನ್ನೂ, ಅಂದರೆ ತಂದುಕೊಟ್ಟವರು, ನಮಸ್ಕಾರ ತಿಳಿಸಿದವರು, ಹಣ ಕಳಿಸಿದವರು ಇಂಥವರನ್ನೂ, ಅವರು ಪಟ್ಟಿಗೆ ಸೇರಿಸಿಕೊಂಡಿದ್ದರು. ಬರೆದ ಪತ್ರಗಳ ಎಣಿಕೆಯಲ್ಲಿ ಸೆರೆಮನೆಯಿಂದ ಬರೆಯುತ್ತಿದ್ದ ಜಾನ್ ಬ್ರಾಡ್‌ಫರ್ಡ್‌ನಂಥ ವಿದ್ವಾಂಸರದೇ ಮೇಲುಗೈ. ಆದರೆ ದಾರಿಗಳ ಲೆಕ್ಕಕ್ಕೆ ಬಂದಾಗ, ಸೆರೆಯಲ್ಲಿದ್ದವರ ನಡುವೆ ಕಾಗದ ಸಾಗಿಸುತ್ತಿದ್ದ ಅಗಸ್ಟೀನ್ ಬರ್ನ್‌ಹರ್‌ನಂಥವರು ಮುಂದಕ್ಕೆ ಬಂದರು. ಬ್ರಾಡ್‌ಫರ್ಡ್ ಮುಂತಾದವರನ್ನು 1555ರಿಂದ ಒಬ್ಬೊಬ್ಬರಾಗಿ ಸುಟ್ಟು ಕೊಂದ ಮೇಲೂ ಆ ಸಂಪರ್ಕ ಹರಿದುಹೋಗದಂತೆ ಹಿಡಿದಿದ್ದವರು ಈ ಓಲೆಕಾರರು ಮತ್ತು ಖರ್ಚಿಗೆ ಹಣ ಒದಗಿಸುತ್ತಿದ್ದ ಹೆಂಗಸರು.