ತರಗೆಲೆ ಕೆಳಗಿನ ಕೆಲಸಗಾರ: ಸ್ಲಗ್ ಬಗ್ಗೆ ಟಿಪ್ಪಣಿ

ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು. ಇದು ಕೀಟವಲ್ಲ, ಮೃದ್ವಂಗಿ. ಪರಿಸರದಲ್ಲಿ ಸ್ಲಗ್‌ನ ಪಾತ್ರವೇನು ಎಂಬ ಪ್ರಶ್ನೆ ಬಂದರೆ, 'ಸ್ಲಗ್ ಒಂದು ವಿಘಟಕ (ಸತ್ತದ್ದನ್ನು ಕೊಳೆಸುವ) ಜೀವಿ' ಎಂದು ಒಂದೇ ಸಾಲು ಬರೆದು ಮುಂದೆ ಹೋಗಬೇಡಿ. ಅದು ಅರ್ಧ ಉತ್ತರ.

ಎಲೆಯನ್ನು ಪೂರ್ತಿ ಕೊಳೆಸಿ ಅದರ ಸಾರವನ್ನು ಮಣ್ಣಿಗೆ ಬಿಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ಅದಕ್ಕೆ ಮುಂಚಿನ ಕೆಲಸ ಸ್ಲಗ್‌ನದ್ದು. ಅದರ ಬಾಯಲ್ಲಿ ರಾಡುಲಾ ಎಂಬ ಪಟ್ಟಿ ಇದೆ, ಅದರ ತುಂಬ ಸಾವಿರಾರು ಪುಟಾಣಿ ಹಲ್ಲುಗಳು. ತುರಿಮಣೆಯ ಹಾಗೆ ಎಲೆಯನ್ನು ಕೆರೆದು ತಿನ್ನುತ್ತದೆ. ಎಲೆ ಚೂರಾದಷ್ಟೂ ಸೂಕ್ಷ್ಮಜೀವಿಗಳಿಗೆ ಹತ್ತಲು ಜಾಗ ಜಾಸ್ತಿ. ಸ್ಲಗ್‌ನ ಹಿಕ್ಕೆಯೂ ಅವಕ್ಕೆ ಆಹಾರವೇ. ಅಣಬೆ ತಿಂದಾಗ ಅದರ ಕೆಲವು ಬೀಜಕಗಳು (ಬೀಜದಂಥ ಪುಟ್ಟ ಕಣಗಳು) ಜೀರ್ಣವಾಗದೆ ಹೊರಬಂದು ಬೇರೆ ಕಡೆ ಮೊಳೆಯುತ್ತವೆ. ಎರೆಹುಳು, ಸಹಸ್ರಪದಿಗಳೂ ಇದೇ ಸಾಲಿನ ಕೆಲಸಗಾರರು.

ಇನ್ನು ಆಹಾರ ಸರಪಳಿ. ಕಪ್ಪೆ, ಕೆಂಬೂತ, ನೆಲದ ಜೀರುಂಡೆಗಳು ಸ್ಲಗ್ ತಿನ್ನುತ್ತವೆ. ನನಗೆ ತುಂಬ ಇಷ್ಟವಾದ ವಿಷಯ ಮಿಂಚುಹುಳುವಿನದು. ಅದರ ಹಲವು ಜಾತಿಗಳ ಮರಿಹುಳುಗಳು ಬಸವನಹುಳು, ಸ್ಲಗ್‌ಗಳನ್ನು ಕಚ್ಚಿ, ವಿಷ ಹರಿಸಿ, ನಿಶ್ಚಲ ಮಾಡಿ ತಿನ್ನುತ್ತವೆ. ಒದ್ದೆ ತರಗೆಲೆ ಇಲ್ಲದ ಕಡೆ ಈ ಬೇಟೆಯೂ ಕಷ್ಟ. ಬೆಂಗಳೂರಿನಲ್ಲಿ ಹೊಂಗೆ, ಮಳೆಮರದ ಎಲೆ ಗುಡಿಸಿ ರಸ್ತೆಬದಿ ಸುಡುವಾಗ ಹೊಗೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹೋಗುವುದು ಈ ಇಡೀ ಸಾಲು, ಅಲ್ವಾ?

ಆದರೆ ಎಲ್ಲ ಸ್ಲಗ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಳೆಗಾಲದಲ್ಲಿ ನಮ್ಮ ಹೂಕುಂಡದ ಕೆಳಗೆ ಸಿಗುವ ಕಪ್ಪು, ಚಪ್ಪಟೆ ಸ್ಲಗ್, ಬೆನ್ನ ಮೇಲೆ ತಿಳಿ ಗೆರೆ ಇರುವುದು, ಲೇವಿಕಾಲಿಸ್ ಆಲ್ಟೆ. ಅದರ ಮೂಲ ಆಫ್ರಿಕಾ. ಎಳೆ ಸಸಿಗಳನ್ನೂ ಮುಕ್ಕುತ್ತದೆ. ಪಶ್ಚಿಮ ಘಟ್ಟದ 'ಮರಿಯೆಲ್ಲಾ ದುಸ್ಸುಮಿಯೇರಿ' ಎಂಬ ಸ್ಲಗ್ ಇಲ್ಲಿನದೇ. ನಿಮ್ಮ ಉತ್ತರದಲ್ಲಿ 'ಸ್ಥಳೀಯ', 'ಹೊರಗಿನದು' ಎಂಬ ಈ ವ್ಯತ್ಯಾಸ ಬರೆಯಿರಿ.

ಕುಂಡದ ಸಸಿ ಉಳಿಸಲು ಉಪ್ಪು ಸುರಿಯಬೇಡಿ. ಅದು ಸ್ಲಗ್‌ನ ಮೈನೀರನ್ನೆಲ್ಲ ಹೀರಿ ನರಳಿಸಿ ಕೊಲ್ಲುತ್ತದೆ, ಮಣ್ಣೂ ಕೆಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಸೇರಿದವನ್ನು ಕೈಗವಸು ಹಾಕಿ ಎತ್ತಿ. ಇಲಿಯ ಶ್ವಾಸಕೋಶದ ಹುಳುವಿನ ಮರಿಗಳು ಕೆಲವು ಸ್ಲಗ್‌ಗಳ ಮೈಯಲ್ಲಿರುತ್ತವೆ. ಅವು ಮನುಷ್ಯರ ಮಿದುಳಿಗೂ ತೊಂದರೆ ಕೊಡಬಲ್ಲವು. ಹಸಿಯಾಗಿ ತಿನ್ನುವ ಸೊಪ್ಪನ್ನು ಒಂದೊಂದೇ ಎಲೆ ಬಿಡಿಸಿ ಚೆನ್ನಾಗಿ ತೊಳೆಯಿರಿ.