ಲಿಫ್ಟ್ ಹಾಕಿಸಿದ ಮೇಲೆ ಸ್ಟೀರಿಂಗ್ ಯಾಕೆ ತೇಲುತ್ತದೆ?

ಓದುಗರ ಪ್ರಶ್ನೆ: ನನ್ನ ಮಾರುತಿ ಜಿಮ್ನಿ ಜೀಪಿಗೆ 2 ಇಂಚಿನ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್ ಸೆಟ್) ಹಾಕಿಸಿ ಎರಡು ತಿಂಗಳಾಯಿತು. ಗಾಡಿ ನೇರ ಹೋಗುವಾಗಲೂ ಸ್ಟೀರಿಂಗ್ ಸೊಟ್ಟ ನಿಂತಿರುತ್ತದೆ. ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರುವುದಿಲ್ಲ. ನೈಸ್ ರೋಡಿನಲ್ಲಿ 80 ದಾಟಿದರೆ ಗಾಡಿ ತೇಲಿದ ಹಾಗೆ ಆಗುತ್ತದೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ಸರಿಹೋಗಲಿಲ್ಲ. ಏನು ಮಾಡಲಿ? (ರಾಜಾಜಿನಗರದ ಓದುಗರು)

ಉತ್ತರ: ನಾಲ್ಕನೇ ಸಲ ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಗಾಡಿಯಲ್ಲಿ ಬದಲಾಗಿರುವುದು ಒಂದು, ಅಂಗಡಿಯಲ್ಲಿ ತಿರುಗಿಸುತ್ತಿರುವುದು ಇನ್ನೊಂದು.

ಸಾಮಾನ್ಯವಾಗಿ ಅಲೈನ್‌ಮೆಂಟ್ ಅಂಗಡಿಯಲ್ಲಿ ಸರಿ ಮಾಡುವುದು ಟೋ ಮಾತ್ರ. ಅಂದರೆ, ಮುಂದಿನ ಎರಡು ಚಕ್ರಗಳ ಮೂತಿ ಒಳಗೆ ನೋಡುತ್ತಿದೆಯೋ ಹೊರಗೋ ಅನ್ನುವುದು. ಜಿಮ್ನಿಯ ಮುಂದೆ ಇರುವುದು ಇಡೀ ಒಂದೇ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಅಚ್ಚು. ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಆ ಆಕ್ಸಲ್ ಜೊತೆಗೇ ಇರುತ್ತದೆ. ಬಾಡಿ ಮೇಲೆ ಹೋದರೂ ಅದು ಇದ್ದಲ್ಲೇ ಇರುತ್ತದೆ. ಹಾಗಾಗಿ ಲಿಫ್ಟ್ ಹಾಕಿದ್ದರಿಂದ ಟೋ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಮೂರು ಸಲವೂ ಅದನ್ನೇ ತಿರುಗಿಸಿದ್ದರೆ ಸರಿಹೋಗದೇ ಇರುವುದು ಸಹಜ, ಅಲ್ವಾ?

ನಿಮ್ಮ ಗಾಡಿ ತೇಲುವುದಕ್ಕೆ ಮುಖ್ಯ ಅನುಮಾನ ಕ್ಯಾಸ್ಟರ್ ಮೇಲೆ. ಚಿಕ್ಕಂದಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಓಡಿಸಿದ್ದು ನೆನಪು ಮಾಡಿಕೊಳ್ಳಿ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ. ಅದರ ತಲೆ ಹಿಂದಕ್ಕೆ, ಕಾಲು ಮುಂದಕ್ಕೆ ವಾಲಿರುತ್ತದೆ. ಹ್ಯಾಂಡಲ್ ತಾನಾಗಿ ನೇರಕ್ಕೆ ಬರುವುದರಲ್ಲಿ ಆ ವಾಲಿಗೆ ದೊಡ್ಡ ಪಾಲಿದೆ. ಜೀಪಿನ ಚಕ್ರ ತಿರುಗುವ ಕಿಂಗ್ ಪಿನ್ ಕೂಡ ಹೀಗೇ ಒಂದಿಷ್ಟು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಅದೇ ಕ್ಯಾಸ್ಟರ್.

ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ಲೀಡಿಂಗ್ ಆರ್ಮ್‌ಗಳು ಹಿಡಿದಿವೆ. ಅವುಗಳ ಹಿಂದಿನ ತುದಿ ಚಾಸಿಸ್‌ಗೆ, ಮುಂದಿನ ತುದಿ ಆಕ್ಸಲಿಗೆ. ಸ್ಪ್ರಿಂಗ್ ಎತ್ತರ ಮಾಡಿದಾಗ ಹಿಂದಿನ ತುದಿ ಮೇಲೆ ಹೋಗುತ್ತದೆ. ಆಕ್ಸಲ್ ಮುಂದಕ್ಕೆ ಉರುಳುತ್ತದೆ, ಕಿಂಗ್ ಪಿನ್ನಿನ ತಲೆಯೂ ಮುಂದಕ್ಕೆ ಬರುತ್ತದೆ. ಕ್ಯಾಸ್ಟರ್ ಕಡಿಮೆಯಾಯಿತು. ಮಲ್ಲೇಶ್ವರದ ಗಲ್ಲಿಗಳಲ್ಲಿ 30ರಲ್ಲಿ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ನೈಸ್ ರೋಡಿಗೋ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರಿಗೋ ಹತ್ತಿದಾಗ ಗೊತ್ತಾಗುತ್ತದೆ.

ಅಂಗಡಿಯವರು ಕೊಟ್ಟ ಪ್ರಿಂಟ್ ಇದ್ದರೆ ತೆಗೆದು ಕ್ಯಾಸ್ಟರ್ ಅನ್ನುವ ಸಾಲು ನೋಡಿ. ಖಾಲಿ ಇದ್ದರೆ ಅಳತೆಯನ್ನೇ ಮಾಡಿಲ್ಲ ಎಂದರ್ಥ. ಕ್ಯಾಸ್ಟರ್ ಅಳೆಯಬೇಕಾದರೆ ತಿರುಗುವ ತಟ್ಟೆಗಳ ಮೇಲೆ ಚಕ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಬೇಕು. ಟೈಮ್ ಹಿಡಿಯುತ್ತದೆ ಅಂತ ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ನಿಂತು ಕೇಳಿ ಮಾಡಿಸಿ. ಮುಂದೆ ಹೀಗೆ ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಕ್ಯಾಸ್ಟರ್ ಹೊಂದಿಸುವುದಕ್ಕೆ ಕಂಪನಿಯಿಂದ ಯಾವ ಬೋಲ್ಟೂ ಬಂದಿರುವುದಿಲ್ಲ. ಸಾಮಾನು ಬದಲಾಯಿಸಿಯೇ ಸರಿ ಮಾಡಬೇಕು.

ದಾರಿ ಎರಡು. ಒಂದು, ಆರ್ಮಿಗೆ ತೂತು ನಡುವೆ ಇಲ್ಲದ ಆಫ್‌ಸೆಟ್ ಬುಷ್ (ಬೋಲ್ಟಿನ ಸುತ್ತ ಕೂರುವ ಬಳೆ) ಹಾಕುವುದು. ಇನ್ನೊಂದು, ಆರ್ಮಿನ ಚಾಸಿಸ್ ತುದಿಯನ್ನು ಬ್ರಾಕೆಟ್ ಕೊಟ್ಟು ಕೆಳಗಿಳಿಸುವುದು. ಬ್ರಾಕೆಟ್ ಅಗ್ಗ, ಆದರೆ ಹೊಟ್ಟೆಯ ಕೆಳಗೆ ಜೋತು ಬಿದ್ದು ಕಲ್ಲಿಗೆ ಬಡಿಯುತ್ತದೆ. ಕಲ್ಲು ಹತ್ತಬೇಕು ಅಂತಲೇ ಲಿಫ್ಟ್ ಹಾಕಿಸಿದವರಿಗೆ ನಾನು ಬುಷ್ ಹಾಕಿಸಿ ಎನ್ನುತ್ತೇನೆ. ಒಂದು ಎಚ್ಚರ ಮಾತ್ರ ಬೇಕು. ಈ ಬುಷ್ ಕೂರಿಸುವ ದಿಕ್ಕು ತಪ್ಪಿದರೆ ಉಳಿದಿದ್ದ ಕ್ಯಾಸ್ಟರೂ ಹೋಗುತ್ತದೆ. ಪ್ರೆಸ್ಸಿಗೆ ಹಾಕುವ ಮುಂಚೆ ಗುರುತು ಯಾವ ಕಡೆ ಇದೆ ಎಂದು ನೀವೇ ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಸ್ಟೀರಿಂಗ್ ಸೊಟ್ಟ ನಿಲ್ಲುವ ವಿಚಾರ. ಇದು ಬೇರೆ ಕಾಯಿಲೆ. ಆಕ್ಸಲ್ ಅಡ್ಡಡ್ಡ ಸರಿಯದ ಹಾಗೆ ಹಿಡಿಯಲು ಒಂದು ಲ್ಯಾಟರಲ್ ರಾಡ್ ಇದೆ. ಒಂದು ತುದಿ ಚಾಸಿಸ್‌ನಲ್ಲಿ, ಇನ್ನೊಂದು ಆಕ್ಸಲ್‌ನಲ್ಲಿ. ಲಿಫ್ಟ್ ಆದಾಗ ಈ ರಾಡ್ ಇನ್ನಷ್ಟು ಓರೆಯಾಗುತ್ತದೆ, ಆಕ್ಸಲನ್ನು ತನ್ನ ಚಾಸಿಸ್ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. ಲೆಕ್ಕಕ್ಕೆ 900 ಮಿ.ಮೀ. ಉದ್ದದ ರಾಡ್ ಅಂದುಕೊಳ್ಳಿ. ಅದರ ಎರಡು ತುದಿಗಳ ಎತ್ತರದ ವ್ಯತ್ಯಾಸ 100 ಇದ್ದದ್ದು 150 ಆದರೆ ಆಕ್ಸಲ್ ಸುಮಾರು 7 ಮಿ.ಮೀ. ಪಕ್ಕಕ್ಕೆ ಬರುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಕೂಡ ಹೀಗೇ ಓರೆಯಾಗುತ್ತದೆ. ಎರಡೂ ಒಂದೇ ಓರೆಯಲ್ಲಿ, ಒಂದೇ ಉದ್ದದಲ್ಲಿ ಇದ್ದರೆ ಒಂದರ ತಪ್ಪನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಕಿಟ್ ಜೊತೆ ಬಂದ ಹೊಸ ಲ್ಯಾಟರಲ್ ರಾಡ್ ಹಾಕಿ ಆಕ್ಸಲನ್ನು ನಡುವೆ ತಂದು, ಡ್ರ್ಯಾಗ್ ಲಿಂಕನ್ನು ಹಾಗೇ ಬಿಟ್ಟರೆ ಆ 7 ಮಿ.ಮೀ. ಪೂರ್ತಿ ಸ್ಟೀರಿಂಗ್ ಮೇಲೆ ಬೀಳುತ್ತದೆ.

ಸರಿ ಮಾಡುವುದು ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೆಟ್ಟಗೆ ಕೂರಿಸಿ ಕೊಡುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಒಳಗಿನ ಸ್ಟೀರಿಂಗ್ ಬಾಕ್ಸ್ ನಡುವಿನಲ್ಲಿ ಇರುವುದಿಲ್ಲ, ಒಂದು ಕಡೆ ತಿರುಗುವುದು ಕಮ್ಮಿಯಾಗುತ್ತದೆ. ಜಿಮ್ನಿಯಲ್ಲಿ ಇಎಸ್‌ಪಿ (ಗಾಡಿ ಜಾರಿದರೆ ತಾನೇ ಬ್ರೇಕ್ ಹಿಡಿದು ಸರಿದಾರಿಗೆ ತರುವ ವ್ಯವಸ್ಥೆ) ಬೇರೆ ಇದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅದು ಸೆನ್ಸರ್‌ನಿಂದ ತಿಳಿದುಕೊಳ್ಳುತ್ತದೆ. ನೇರ ಹೋಗುವಾಗ ತಿರುಗಿದೆ ಅಂತ ಓದಿದರೆ ಬೇಡದ ಕಡೆ ಬ್ರೇಕ್ ಹಿಡಿಯಬಹುದು. ಲಿಂಕ್ ಹೊಂದಿಸಿದ ಮೇಲೆ ಸ್ಕ್ಯಾನರ್ ಹಾಕಿಸಿ ಆ ಸೆನ್ಸರನ್ನು ಸೊನ್ನೆಗೆ ತರಿಸಿ.

ಹಂಪ್ ಹತ್ತಿ ಇಳಿಯುವಾಗ ಸ್ಟೀರಿಂಗ್ ಕೈಯಲ್ಲೇ ಒಂದು ಕಡೆ ಎಳೆಯುತ್ತದೆಯಾ? ಹಾಗಿದ್ದರೆ ಲ್ಯಾಟರಲ್ ರಾಡ್ ಮತ್ತು ಡ್ರ್ಯಾಗ್ ಲಿಂಕ್ ಓರೆ ಒಂದೇ ಸಮ ಇಲ್ಲ. ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಬೋಲ್ಟು ಬಿಗಿಯುವ ರೀತಿಯಿಂದಲೂ ತೊಂದರೆ ಬರುತ್ತದೆ. ಇದನ್ನು ನಾನು ಅನುಭವಿಸಿಯೇ ಕಲಿತದ್ದು. ನನ್ನ ಗಾಡಿಗೆ ಲಿಫ್ಟ್ ಹಾಕಿದ ಗ್ಯಾರೇಜಿನಲ್ಲಿ ಗಾಡಿ ಮೇಲೆ ನೇತಾಡುತ್ತಿರುವಾಗಲೇ ಆರ್ಮಿನ ಎಲ್ಲ ಬೋಲ್ಟುಗಳನ್ನೂ ಟೈಟ್ ಮಾಡಿಬಿಟ್ಟರು. ನೆಲಕ್ಕಿಳಿಸಿದಾಗ ರಬ್ಬರ್ ಬುಷ್ ಹಿಂಡಿಕೊಂಡ ಹಾಗೇ ಉಳಿಯಿತು. ಸವಾರಿ ಗಡುಸು, ಸ್ಟೀರಿಂಗ್ ಬಿಗಿ. ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಮೆಕ್ಯಾನಿಕ್ ಅಣ್ಣ ಮನೆಗೇ ಬಂದರು. ನಾಲ್ಕೂ ಚಕ್ರ ನೆಲದ ಮೇಲೆ ಇರುವಾಗ ಕೆಳಗೆ ನುಸುಳಿ ಒಂದು ಬೋಲ್ಟ್ ಸಡಿಲ ಮಾಡಿದರು. ಟಕ್ ಅಂತ ಶಬ್ದ ಬಂತು. ಆರ್ಮ್ ತಾನಾಗಿ ಒಂದಿಷ್ಟು ತಿರುಗಿ ಕೂತಿತು. ಬುಷ್ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಬಿರುಕು ಆಗಲೇ ಶುರುವಾಗಿತ್ತು. ಎಲ್ಲ ಬೋಲ್ಟೂ ಸಡಿಲಿಸಿ, ಗಾಡಿಯನ್ನು ಎರಡು ಸಲ ಅಲುಗಾಡಿಸಿ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಮತ್ತೆ ಬಿಗಿ ಮಾಡಿದೆವು. ನಿಮ್ಮ ಗಾಡಿಯಲ್ಲೂ ಮೊದಲು ಇದನ್ನು ಮಾಡಿ. ಖರ್ಚಿಲ್ಲದ ಕೆಲಸ.

ಅದೇ ಹೊತ್ತಿಗೆ ಇನ್ನೊಂದು ಪರೀಕ್ಷೆ. ಎಂಜಿನ್ ಚಾಲೂ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡ ಬಲ ಸ್ವಲ್ಪ ಸ್ವಲ್ಪ ಆಡಿಸಲಿ. ನೀವು ಪಕ್ಕದಿಂದ ಬಗ್ಗಿ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ತುದಿ, ಲ್ಯಾಟರಲ್ ರಾಡ್ ಬುಷ್ ಒಂದೊಂದರ ಮೇಲೂ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಸಡಿಲಾಟ ಬೆರಳಿಗೆ ಸಿಗುತ್ತದೆ. ಆಮೇಲೆ ಮುಂದಿನ ಎರಡೂ ಚಕ್ರ ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು ಸ್ಟೀರಿಂಗ್ ಪೂರ್ತಿ ತಿರುಗಿಸಿ. ಎಲ್ಲಾದರೂ ತಡೆದು ತಡೆದು ತಿರುಗಿದರೆ ಕ್ಯಾಸ್ಟರನ್ನು ದೂರುವ ಮುಂಚೆ ಕಿಂಗ್ ಪಿನ್ ಬೇರಿಂಗ್ ನೋಡಿಸಿ. ಅದು ಹಿಡಿದುಕೊಂಡಿದ್ದರೂ ಸ್ಟೀರಿಂಗ್ ವಾಪಸ್ ಬರುವುದಿಲ್ಲ.

ಬೆರಳಿಗೆ ಸಿಕ್ಕ ಆ ಸಡಿಲಾಟವನ್ನು ಹಾಗೇ ಬಿಟ್ಟರೆ ಒಂದು ದಿನ ಗುಂಡಿಗೆ ಬಿದ್ದ ತಕ್ಷಣ ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾಗಬಹುದು. ಹಾಗಾದರೆ ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಿ. ದೊಡ್ಡ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರನ್ನು ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂತ ಯಾರಾದರೂ ಹೇಳಿದರೆ ಅದರಿಂದ ನಡುಕ ಮುಚ್ಚಿಹೋಗುತ್ತದೆಯೇ ಹೊರತು ಕಾರಣ ಹೋಗುವುದಿಲ್ಲ.

ಜಿಪ್ಸಿ ಇದ್ದವರಿಗೆ: ಮುಂದೆ ಉದ್ದ ಶ್ಯಾಕಲ್ (ಕಮಾನ್ ಪಟ್ಟಿಯ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿ) ಹಾಕಿಸಿದರೂ ಕ್ಯಾಸ್ಟರ್ ಹೋಗುತ್ತದೆ. ಕಮಾನ್ ಪಟ್ಟಿ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ತೆಳು ಬಿಲ್ಲೆ) ಕೊಟ್ಟು ಸರಿ ಮಾಡುತ್ತಾರೆ. 2020ರ ನಂತರದ ಥಾರ್ ಕತೆಯೇ ಬೇರೆ. ಅದರ ಮುಂದಿನ ಚಕ್ರಗಳು ಸ್ವತಂತ್ರ. ಎತ್ತರ ಮಾಡಿದರೆ ಟೋ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಒಳ-ಹೊರ ವಾಲು) ಎರಡೂ ಬದಲಾಗುತ್ತವೆ, ಅಲ್ಲಿ ಅಲೈನ್‌ಮೆಂಟ್ ಮೊದಲ ದಿನವೇ ಬೇಕು.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಇನ್ಶೂರೆನ್ಸ್ ಕ್ಲೇಮ್ ಬಂದಾಗ ಈ ಪ್ರಶ್ನೆ ಏಳಬಹುದು ಎನ್ನುವುದು ಗೊತ್ತಿರಲಿ.

ಬುಷ್, ಲಿಂಕ್ ಎಲ್ಲ ಮುಗಿಸಿದ ಮೇಲೆ ಟೈರ್ ಗಾಳಿ ಸಮ ಮಾಡಿಸಿ, ಆಗ ನಾಲ್ಕನೇ ಅಲೈನ್‌ಮೆಂಟ್ ಮಾಡಿಸಿ. ನಾಲ್ಕೂ ಚಕ್ರದ್ದು ಕೇಳಿ, ಹಿಂದಿನ ಆಕ್ಸಲಿಗೂ ಲ್ಯಾಟರಲ್ ರಾಡ್ ಇದೆ, ಅದೂ ಪಕ್ಕಕ್ಕೆ ಸರಿದಿರುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ನಮ್ಮ ರಸ್ತೆಗಳು ನೀರು ಹೋಗಲೆಂದು ಅಂಚಿಗೆ ಇಳಿಜಾರು ಇರುತ್ತವೆ, ಗಾಡಿ ನಿಧಾನಕ್ಕೆ ಎಡಕ್ಕೆ ಹೋದರೆ ಗಾಬರಿ ಬೇಡ. ಜೋರಾಗಿ ಎಳೆದರೆ ಮುಂದಿನ ಎರಡು ಟೈರ್ ಅದಲುಬದಲು ಮಾಡಿ. ಎಳೆತವೂ ಬಲಕ್ಕೆ ಬಂದರೆ ತೊಂದರೆ ಟೈರಿನಲ್ಲೇ ಇದೆ.